ಎರಡು ಪಿನ್ನುಗಳ ಪತ್ರಿಕೆ

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ನೆಲೆಸಿರುವ ನನ್ನ ತಂಗಿಯ ಮಗ ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಿದ್ದನು. ಎಲ್ಲರಂತೆ ಚಾಕಲೇಟು ತಂದದ್ದಲ್ಲದೆ, "ಮಾವ, ನಿಮಗೆ ಓದೋ ಹುಚ್ಚು ಇದೆಯಲ್ಲ, ಇದನ್ನೊಮ್ಮೆ ನೋಡಿ" ಎಂದು ತೆಳ್ಳಗಿನ ಪುಸ್ತಿಕೆಯೊಂದನ್ನು ಕೈಗಿತ್ತನು. ನೋಟ್‌ಬುಕ್ಕಿನ ಹಾಳೆಯನ್ನು ಮಡಚಿದಷ್ಟೇ ಗಾತ್ರ, ಮಧ್ಯದಲ್ಲಿ ಎರಡು ಸ್ಟೇಪ್ಲರ್ ಪಿನ್ನುಗಳು. ಒಳಗೆಲ್ಲ ಕಮೊಡೋರ್ 64 ಎಂಬ ಕಂಪ್ಯೂಟರಿನ ಆಟಗಳ ವಿಚಾರ. ಆ ಯಂತ್ರ ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ತಯಾರಿಸಿದ ಮೂಲ ಕಂಪನಿ 1994ರಲ್ಲಿಯೇ ದಿವಾಳಿಯಾಯಿತು. ಆದರೆ ಪುಸ್ತಿಕೆ ಅಚ್ಚಾದದ್ದು ಈಚಿನ ವರ್ಷಗಳಲ್ಲಿ! ಸಂಬಳವಿಲ್ಲದೆ, ಲಾಭದ ಆಸೆಯಿಲ್ಲದೆ, ಯಾರೋ ತಮ್ಮ ಮನೆಯಲ್ಲಿ ಕುಳಿತು ಬರೆದು, ಪುಟ ಜೋಡಿಸಿ, ಲಕೋಟೆಗೆ ಅಂಚೆಚೀಟಿ ಹಚ್ಚಿ ಕಳುಹಿಸುತ್ತಾರಂತೆ. ವಿಡಿಯೋ ಗೇಮ್ ಎಂದರೆ ಮೂಗು ಮುರಿಯುತ್ತಿದ್ದ ನಾನು ಮೊದಲು ನಕ್ಕುಬಿಟ್ಟೆನು. ಆ ರಾತ್ರಿ ಪುಸ್ತಿಕೆಯನ್ನು ಕೊನೆಯ ಪುಟದವರೆಗೆ ಓದಿದ ಮೇಲೆ ನಗು ಉಳಿಯಲಿಲ್ಲ. ಅದಕ್ಕೆ ಕಾರಣವನ್ನು ಮುಂದೆ ಹೇಳುವೆನು.

ಇಂತಹ ಪತ್ರಿಕೆಗಳಿಗೆ ಇಂಗ್ಲಿಷಿನಲ್ಲಿ ಫ್ಯಾನ್‌ಝೀನ್ ಎಂದು ಹೆಸರು. ಅಭಿಮಾನಿ ಪತ್ರಿಕೆ ಎನ್ನಬಹುದು. ಈ ಪದ ಹುಟ್ಟಿದ್ದು 1940ರಲ್ಲಿ. ಪತ್ರಿಕೆಗಳು ಅದಕ್ಕೂ ಹಿಂದಿನವು. ಅಮೆರಿಕದ ವೈಜ್ಞಾನಿಕ ಕಥೆಗಳ ಓದುಗರು 1930ರಲ್ಲಿ ಹೊರತಂದ 'ದಿ ಕಾಮೆಟ್' ಎಂಬುದನ್ನು ಇವುಗಳಲ್ಲಿ ಮೊದಲನೆಯದೆಂದು ಎಣಿಸುವುದು ವಾಡಿಕೆ. ಬಹುಕಾಲ ಇವುಗಳಿಗೆ ಆಧಾರವಾಗಿದ್ದುದು ನಮ್ಮ ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ ತೆಗೆಯುತ್ತಿದ್ದ ಸೈಕ್ಲೋಸ್ಟೈಲ್‌ನಂತಹ ಯಂತ್ರಗಳು. ಸ್ಟೆನ್ಸಿಲ್ ಹಾಳೆಯ ಮೇಲೆ ಬೆರಳಚ್ಚು ಮಾಡಿ, ಉರುಳೆಗೆ ಮಸಿ ಹಚ್ಚಿ, ಹಿಡಿ ತಿರುಗಿಸುತ್ತ, ಅಂಗಿಯ ತೋಳಿಗೂ ಮಸಿ ಬಳಿದುಕೊಂಡು ಮನೆಗೆ ಹೋಗುತ್ತಿದ್ದ ನನ್ನ ಪೀಳಿಗೆಯ ಉಪಾಧ್ಯಾಯರಿಗೆ ಈ ಕೆಲಸದ ಶ್ರಮವನ್ನು ವಿವರಿಸಬೇಕಾಗಿಲ್ಲ.

ಕಂಪ್ಯೂಟರ್ ಆಟಗಳ ಅಭಿಮಾನಿ ಪತ್ರಿಕೆಗಳು ಹುಲುಸಾಗಿ ಬೆಳೆದದ್ದು 1980ರ ದಶಕದ ಬ್ರಿಟನ್ನಿನಲ್ಲಿ. 1982ರ ಏಪ್ರಿಲಿನಲ್ಲಿ ಕೇಂಬ್ರಿಜ್‌ನ ಸಿಂಕ್ಲೇರ್ ಸಂಸ್ಥೆ ಝಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಪುಟ್ಟ ಕಂಪ್ಯೂಟರನ್ನು 125 ಪೌಂಡಿಗೆ ಮಾರಲು ಆರಂಭಿಸಿತು. ಅದರ ದೊಡ್ಡ ಮಾದರಿಯ ಸ್ಮರಣಶಕ್ತಿ 48 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋ ಕೂಡ ಅದರಲ್ಲಿ ಹಿಡಿಸದು. ಆಟಗಳು ಹಾಡಿನ ಕ್ಯಾಸೆಟ್ಟಿನಂತಹ ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಟೇಪ್ ರೆಕಾರ್ಡರಿಗೆ ಹಾಕಿ, ಕರ್ಕಶವಾದ ಸದ್ದನ್ನು ಕೆಲವು ನಿಮಿಷ ಸಹಿಸಿದರೆ ಟೀವಿಯ ಪರದೆಯ ಮೇಲೆ ಆಟ ಮೂಡುತ್ತಿತ್ತು. 'ಕ್ರ್ಯಾಶ್'ನಂತಹ ದೊಡ್ಡ ಮಾಸಪತ್ರಿಕೆಗಳು ಅಂಗಡಿಗಳಿಗೆ ಬಂದವು. ಅವುಗಳ ಪುಟಗಳಲ್ಲಿ ಆಟದ ಕಂಪನಿಗಳ ಜಾಹೀರಾತು. ಪಕ್ಕದಲ್ಲಿಯೇ ಅದೇ ಕಂಪನಿಗಳ ಆಟಗಳ ವಿಮರ್ಶೆ. ಹಾಗೆಂದು ಆ ವಿಮರ್ಶಕರೆಲ್ಲ ಅಪ್ರಾಮಾಣಿಕರೆಂದು ನಾನು ಹೇಳುವುದಿಲ್ಲ. ಆದರೆ ಜಾಹೀರಾತಿನ ಹಂಗಿಲ್ಲದ ಹವ್ಯಾಸಿಯು ಕೆಟ್ಟದ್ದನ್ನು ಕೆಟ್ಟದ್ದೆಂದು ಬರೆಯಲು ಯಾರ ಮುಖವನ್ನೂ ನೋಡಬೇಕಿರಲಿಲ್ಲ.

ಆಗ ಚಿತ್ರಗಳಿಗಿಂತ ಅಕ್ಷರಗಳಲ್ಲಿಯೇ ನಡೆಯುವ ಸಾಹಸದ ಆಟಗಳು ಜನಪ್ರಿಯವಾಗಿದ್ದವು. ನೀವೊಂದು ಗುಹೆಯಲ್ಲಿದ್ದೀರಿ, ಉತ್ತರಕ್ಕೆ ಬಾಗಿಲಿದೆ ಎಂದು ಪರದೆ ಹೇಳುತ್ತದೆ. ಆಡುವವನು ಉತ್ತರಕ್ಕೆ ಹೋಗು, ದೀಪ ಹಚ್ಚು ಎಂದು ಬೆರಳಚ್ಚಿಸಬೇಕು. ಒಗಟು ಬಿಡಿಸದಿದ್ದರೆ ತಿಂಗಳುಗಟ್ಟಲೆ ಅದೇ ಗುಹೆಯಲ್ಲಿ ವಾಸ! ಇಂಟರ್‌ನೆಟ್ ಮನೆಮನೆಗೆ ಬಾರದ ಕಾಲ, ಉತ್ತರ ಹುಡುಕುವುದೆಲ್ಲಿ? 1986ರಲ್ಲಿ ಆರಂಭವಾದ 'ಅಡ್ವೆಂಚರ್ ಪ್ರೋಬ್' ಎಂಬ ಹವ್ಯಾಸಿ ಪತ್ರಿಕೆ ಈ ಕೊರತೆಯನ್ನು ತುಂಬಿತು. ಯಾವ ಆಟದಲ್ಲಿ ಸಿಕ್ಕಿಬಿದ್ದರೆ ಯಾರಿಗೆ ಫೋನ್ ಮಾಡಬೇಕೆಂಬ ಪಟ್ಟಿಯನ್ನು ಓದುಗರೇ ತಮ್ಮ ಹೆಸರು ಕೊಟ್ಟು ಸಿದ್ಧಪಡಿಸಿದ್ದರು. ಮುಖ ಕಾಣದ ಅಪರಿಚಿತನೊಬ್ಬ ಗುಹೆಯಿಂದ ಹೊರಬರಲೆಂದು ತನ್ನ ಮನೆಯ ಫೋನನ್ನು ತೆರೆದಿಟ್ಟ ಆ ಜನರನ್ನು ನೆನೆದರೆ ನನಗೆ ಗೌರವ ಮೂಡುತ್ತದೆ. ಸುಳಿವುಗಳನ್ನು ಅಕ್ಷರ ಹಿಂದುಮುಂದು ಮಾಡಿ, ಇಲ್ಲವೇ ಅಂಕಿಗಳ ಗುಪ್ತಲಿಪಿಯಲ್ಲಿ ಅಚ್ಚು ಮಾಡುವ ಪದ್ಧತಿಯೂ ಕೆಲವು ಪತ್ರಿಕೆಗಳಲ್ಲಿತ್ತಂತೆ, ಬೇಡದವನ ಕಣ್ಣಿಗೆ ಉತ್ತರ ತಾನಾಗಿ ಬೀಳದಿರಲೆಂದು. ಉತ್ತರವನ್ನೆಲ್ಲ ಹಿಂದಿನ ಪುಟಗಳಲ್ಲಿಯೇ ಅಚ್ಚು ಹಾಕುವ ನಮ್ಮ ಗೈಡುಗಳ ಪ್ರಕಾಶಕರು ಇದನ್ನು ಗಮನಿಸಬೇಕು.

ಮಾರಾಟ ತಗ್ಗಿದಾಗ ದೊಡ್ಡ ಪತ್ರಿಕೆಗಳು ನಿಂತುಹೋದವು; 'ಕ್ರ್ಯಾಶ್' 1992ರಲ್ಲಿ, 'ಯುವರ್ ಸಿಂಕ್ಲೇರ್' 1993ರಲ್ಲಿ. ಎರಡು ಪಿನ್ನುಗಳ ಪತ್ರಿಕೆಗಳಲ್ಲಿ ಕೆಲವು ಮಾತ್ರ ಮುಂದುವರಿದವು. ಲಾಭವನ್ನೇ ಕಾಣದವರಿಗೆ ನಷ್ಟದ ಭಯವೆಲ್ಲಿಯದು?

ಇಲ್ಲಿ ಒಂದು ಮಾತನ್ನು ಹೇಳಿಬಿಡುತ್ತೇನೆ. ಅದೇ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೋ ಕಂಪ್ಯೂಟರುಗಳು ನಮ್ಮ ದೇಶದ ಶಾಲೆಗಳಿಗೂ ಬಂದಿದ್ದವು. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 'ಕ್ಲಾಸ್' ಯೋಜನೆಯಲ್ಲಿ ಮೊದಲಿಗೆ ಸುಮಾರು 250 ಶಾಲೆಗಳಿಗೆ ಅವನ್ನು ಕೊಡಲಾಯಿತು. ಆಗ ತಾನೇ ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ್ದ ನಾನು ಒಂದು ಶಾಲೆಯಲ್ಲಿ ಅದನ್ನು ದೂರದಿಂದ ನೋಡಿದ್ದುಂಟು. ಹತ್ತಿರದಿಂದಲ್ಲ, ಅದಕ್ಕೆ ಕಸೂತಿಯ ಬಟ್ಟೆ ಹೊದಿಸಿ, ಕೋಣೆಗೆ ಬೀಗ ಹಾಕಿ, ಕಿಟಕಿಯಿಂದ ತೋರಿಸುತ್ತಿದ್ದರು. ಮುಟ್ಟಿದರೆ ಕೆಟ್ಟೀತೆಂಬ ಭಯ. ಹುಡುಗರು ಮುಟ್ಟದ ಯಂತ್ರದ ಬಗ್ಗೆ ಹುಡುಗರ ಪತ್ರಿಕೆ ಹುಟ್ಟುವುದೆಂತು?

ಜಪಾನಿನ ಸಂಗತಿ ಇನ್ನೂ ಸ್ವಾರಸ್ಯಕರವಾದುದು. ಅಲ್ಲಿ ಹವ್ಯಾಸಿಗಳು ಸ್ವಂತ ಖರ್ಚಿನಲ್ಲಿ ತರುವ ಪುಸ್ತಕಗಳಿಗೆ ದೋಜಿನ್‌ಶಿ ಎನ್ನುತ್ತಾರೆ. ಅವುಗಳ ಮಾರಾಟಕ್ಕೆಂದೇ ಟೋಕಿಯೋದಲ್ಲಿ ಕಾಮಿಕ್ ಮಾರ್ಕೆಟ್ ಎಂಬ ಜಾತ್ರೆ 1975ರಿಂದ ನಡೆಯುತ್ತಿದೆ. 1983ರಲ್ಲಿ ಸತೋಶಿ ತಾಜಿರಿ ಎಂಬ ಹದಿನೇಳರ ಹುಡುಗ 'ಗೇಮ್ ಫ್ರೀಕ್' ಎಂಬ ಪತ್ರಿಕೆಯನ್ನು ಆರಂಭಿಸಿದನು. ನಾಣ್ಯ ಹಾಕಿ ಆಡುವ ಯಂತ್ರಗಳ ಅಂಗಡಿಗಳಲ್ಲಿ ಕಾಲ ಕಳೆಯುತ್ತ, ಪಾಠಕ್ಕೆ ಚಕ್ಕರ್ ಹೊಡೆಯುತ್ತಿದ್ದ ಆತನ ಬಗ್ಗೆ ತಂದೆತಾಯಿಗಳಿಗೆ ಚಿಂತೆಯಿತ್ತು. ಆ ಆಟಗಳ ಮರ್ಮಗಳನ್ನು ತಿಳಿಸುವ ಬರಹ ಎಲ್ಲಿಯೂ ಸಿಗದೆ ತಾನೇ ಬರೆಯಲಾರಂಭಿಸಿದನು. ಮೊದಲ ಸಂಚಿಕೆ ಪೂರ್ತಿ ಕೈಬರಹ. ನಕಲು ತೆಗೆದು ಪಿನ್ನು ಹೊಡೆದದ್ದು. ಅಂಗಡಿಯಲ್ಲಿ ಅದನ್ನು ಕಂಡ ಕೆನ್ ಸುಗಿಮೋರಿ ಎಂಬ ಚಿತ್ರಗಾರ ಹುಡುಗ ತಾನಾಗಿ ಬಂದು ಜೊತೆಗೂಡಿದನು. ಮೂರು ವರ್ಷ ಪತ್ರಿಕೆ ನಡೆಸುವಷ್ಟರಲ್ಲಿ, ಇತರರ ಆಟಗಳಲ್ಲಿ ಇಂಥದು ಸರಿಯಿಲ್ಲವೆಂದು ಬರೆಯುವುದಕ್ಕಿಂತ ಸರಿಯಾದುದನ್ನು ತಾವೇ ಏಕೆ ಮಾಡಬಾರದೆಂದು ಅವರಿಗೆ ತೋರಿತು. 1989ರಲ್ಲಿ ಪತ್ರಿಕೆಯ ಹೆಸರೇ ಕಂಪನಿಯ ಹೆಸರಾಯಿತು. ಆ ಕಂಪನಿ ಮಾಡಿದ ಆಟವೊಂದು 1996ರ ಫೆಬ್ರವರಿ 27ರಂದು ಜಪಾನಿನಲ್ಲಿ ಬಿಡುಗಡೆಯಾಯಿತು, ಅದೇ ಪೋಕೆಮಾನ್. ನಿಮ್ಮ ಮೊಮ್ಮಕ್ಕಳನ್ನು ಕೇಳಿ, ಹೇಳುತ್ತಾರೆ. ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಕೂಡಿಡುತ್ತಿದ್ದ ತಾಜಿರಿಯ ಹವ್ಯಾಸವೇ ಆ ಆಟದ ಬೀಜ. ಚಿತ್ರ ಬರೆದವನು ಅದೇ ಸುಗಿಮೋರಿ.

ಆಟದ ಹುಚ್ಚಿನ ಹುಡುಗರೆಲ್ಲ ತಾಜಿರಿಗಳಾಗುತ್ತಾರೆಂದು ನಾನು ವಾದಿಸುತ್ತಿಲ್ಲ. ಹಾಗೆ ಹೇಳಿದರೆ ಅದು ಕೋಚಿಂಗ್ ಕ್ಲಾಸಿನವರ ಜಾಹೀರಾತಾದೀತು. ಈ ಪತ್ರಿಕೆಗಳನ್ನು ಮಾಡಿದವರಲ್ಲಿ ಬಹುಪಾಲಿನವರು ಮೂರನೆಯದೋ ನಾಲ್ಕನೆಯದೋ ಸಂಚಿಕೆಗೆ ಕೈಬಿಟ್ಟು ತಮ್ಮ ಪಾಡಿಗೆ ಕೆಲಸಕ್ಕೆ ಹೋದವರೇ. ನನ್ನ ಮಾತು ಬೇರೆ. ಮೂವತ್ತೈದು ವರ್ಷ ಕನ್ನಡ ಕಲಿಸಿದ ನಾನು ಸಾವಿರಾರು ಪ್ರಬಂಧಗಳನ್ನು ತಿದ್ದಿದ್ದೇನೆ. 'ರಾಷ್ಟ್ರೀಯ ಹಬ್ಬಗಳು', 'ಗ್ರಂಥಾಲಯದ ಮಹತ್ವ' ಎಂದೊಡನೆ ನಲವತ್ತು ಹುಡುಗರು ಗೈಡಿನ ಒಂದೇ ವಾಕ್ಯದಿಂದ ಆರಂಭಿಸುತ್ತಿದ್ದರು. ಯಾರೂ ಹೇಳದೆ, ಅಂಕದ ಆಸೆಯಿಲ್ಲದೆ, ಓದುವವನು ಒಬ್ಬನಿದ್ದಾನೆಂಬ ನಂಬಿಕೆಯಿಂದ ಬರೆದುದನ್ನು ನನ್ನ ಸೇವಾವಧಿಯಲ್ಲಿ ಒಂದೇ ಒಂದು ಸಲ ಕಂಡೆನು. ಅದನ್ನು ನಾನು ಕಿತ್ತುಕೊಂಡೆನು.

ಅದು 1996ನೆಯ ಇಸವಿ. ನಮ್ಮ ತಾಲೂಕಿನ ಬಸ್ ನಿಲ್ದಾಣದ ಹಿಂದೆ ವಿಡಿಯೋ ಗೇಮ್ ಅಂಗಡಿಯೊಂದು ತೆರೆದಿತ್ತು. ಎರಡು ಟೀವಿ, ಎರಡು ಕಪ್ಪು ಪೆಟ್ಟಿಗೆ, ಅರ್ಧ ಗಂಟೆಗಿಷ್ಟು ಎಂದು ಬಾಡಿಗೆ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ವ್ಯಾಕರಣದ ಪಾಠ ನಡೆಯುವಾಗ ಡೆಸ್ಕಿನ ಕೆಳಗೆ ನೂರು ಪುಟದ ನೋಟ್‌ಬುಕ್ಕನ್ನು ಹಿಂದಿನ ಬೆಂಚಿಗೆ ದಾಟಿಸುತ್ತಿದ್ದನು. ಹಿಡಿದೆನು. ರಟ್ಟಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಗೇಮ್ ಲೋಕ' ಎಂಬ ಹೆಸರು. ಒಳಗೆ ಮಾರಿಯೋ, ಕಾಂಟ್ರಾ ಆಟಗಳ ನಕ್ಷೆಗಳು. ಪ್ರತಿ ಆಟಕ್ಕೂ ಚಿತ್ರಕ್ಕಿಷ್ಟು, ಸಂಗೀತಕ್ಕಿಷ್ಟು ಎಂದು ಅಂಕಗಳು. ಓದಲು ಇಪ್ಪತ್ತೈದು ಪೈಸೆ ಎಂಬ ಸೂಚನೆ. ಮೊದಲ ಪುಟದಲ್ಲಿ 'ಸಂಪಾದಕರ ಮಾತು': ಅರ್ಧವಾರ್ಷಿಕ ಪರೀಕ್ಷೆಯ ಕಾರಣ ಸಂಚಿಕೆ ತಡವಾಯಿತು, ಓದುಗರು ಕ್ಷಮಿಸಬೇಕು. ಮಧ್ಯದ ಪುಟವೊಂದರಲ್ಲಿ ಬರೀ ಬಾಣದ ಗುರುತುಗಳಿದ್ದವು. ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಕೊನೆಗೆ ಬಿ, ಎ. ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಮಾಡಿಕೊಂಡ ಸಂಕೇತವೆಂದು ನಾನು ತೀರ್ಮಾನಿಸಿಬಿಟ್ಟೆನು. ಅವನು ಎಷ್ಟು ಹೇಳಿದರೂ ಕೇಳಲಿಲ್ಲ. ನೋಟ್‌ಬುಕ್ಕು ಸ್ಟಾಫ್ ರೂಮಿನ ಬೀರು ಸೇರಿತು. ಎರಡು ಬಾರಿ ಬಂದು ಕೇಳಿದನು. "ವಾರ್ಷಿಕ ಪರೀಕ್ಷೆ ಮುಗಿಯಲಿ" ಎಂದೆನು. ಬೇಸಿಗೆ ರಜೆಯಲ್ಲಿ ಸುಣ್ಣ ಬಳಿಸುವಾಗ ಬೀರು ಖಾಲಿ ಮಾಡಿ ಹಳೆಯ ಕಾಗದವನ್ನೆಲ್ಲ ತೂಕಕ್ಕೆ ಹಾಕಿದೆವು.

ಸೋದರಳಿಯ ತಂದ ಪುಸ್ತಿಕೆಯಲ್ಲಿ ಸಂಪಾದಕರ ಮಾತಿನ ಮೊದಲ ವಾಕ್ಯವೇ ಸಂಚಿಕೆ ತಡವಾದುದಕ್ಕೆ ಕ್ಷಮೆ. ಓದುತ್ತಿದ್ದಂತೆ ನನ್ನ ನಗು ನಿಂತದ್ದು ಅಲ್ಲಿಯೇ. ಬಾಣಗಳ ವಿಚಾರ ಕೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕು, ಅದು ಕೊನಾಮಿ ಕೋಡ್ ಎಂದನು. ಜಪಾನಿನ ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ ಎಂಬವರು 1986ರ 'ಗ್ರೇಡಿಯಸ್' ಆಟವನ್ನು ಪರೀಕ್ಷಿಸುವಾಗ, ತಮಗೇ ಅದು ಕಷ್ಟವೆನಿಸಿ ಸೇರಿಸಿಕೊಂಡ ಒಳದಾರಿಯಂತೆ. ಕಾಂಟ್ರಾದಲ್ಲಿ ಅದನ್ನು ಒತ್ತಿದರೆ ಮೂವತ್ತು ಜೀವಗಳು ಸಿಗುತ್ತವೆ. ಜಗತ್ತಿನ ಮಕ್ಕಳಿಗೆಲ್ಲ ಬಾಯಿಪಾಠವಾಗಿದ್ದ ಸಂಗತಿಯನ್ನು ನಮ್ಮ ಹುಡುಗನು ಯಾರಿಂದಲೋ ಕೇಳಿ ಕನ್ನಡದಲ್ಲಿ ದಾಖಲಿಸಿದ್ದನು.

ಈಗ ಬರುತ್ತಿರುವ ಅಭಿಮಾನಿ ಪತ್ರಿಕೆಗಳ ಬಗ್ಗೆಯೂ ನನಗೊಂದು ತಕರಾರಿದೆ. ಕಾಗದ ನುಣುಪು, ಬಣ್ಣ ಸೊಗಸು, ಕಾಗುಣಿತವೂ ಶುದ್ಧ. ಆದರೆ ಅವುಗಳ ಸಂಪಾದಕರಲ್ಲಿ ಹೆಚ್ಚಿನವರು ಐವತ್ತರ ಆಸುಪಾಸಿನವರು. ತಮ್ಮ ಬಾಲ್ಯವನ್ನೇ ಮತ್ತೆ ಮತ್ತೆ ಅಚ್ಚು ಹಾಕುತ್ತಿದ್ದಾರೆ. 1986ರ ಹುಡುಗ ಬರೆದದ್ದು ಅಂದು ಸಂಜೆ ಆಡಿದ ಆಟದ ಬಗ್ಗೆ; ನಾಳೆ ಏನಾಗುವುದೋ ಅವನಿಗೆ ತಿಳಿದಿರಲಿಲ್ಲ. ಇವರಿಗೆ ಎಲ್ಲ ತಿಳಿದಿದೆ. ಸ್ಮರಣೆಗಳನ್ನೇ ಬರೆದು ಹೊತ್ತು ಕಳೆಯುವ ನಾನು ಈ ತಕರಾರು ಹೇಳುವುದು ವಿಚಿತ್ರವೇ ಸರಿ! ಆದರೂ ಹಳೆಯ, ತಪ್ಪುಗಳಿಂದ ತುಂಬಿದ, ಅರ್ಧ ಅಳಿಸಿದ ನಕಲು ಪ್ರತಿಗೇ ನನ್ನ ಮತ. ಅದನ್ನು ಉಳಿಸಬೇಕಾದ ಕೆಲಸವೇ ಹೆಚ್ಚಿನದು. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಒಬ್ಬರೇ ಅಭಿಮಾನಿ ಜೀವಮಾನವೆಲ್ಲ ಕೂಡಿಟ್ಟ ಸುಮಾರು ಹತ್ತು ಸಾವಿರ ವೈಜ್ಞಾನಿಕ ಕಥೆಗಳ ಅಭಿಮಾನಿ ಪತ್ರಿಕೆಗಳಿವೆ. ಆಟಗಳ ಪತ್ರಿಕೆಗಳನ್ನು ಹಲವು ಹವ್ಯಾಸಿಗಳು ಸ್ಕ್ಯಾನ್ ಮಾಡಿ ಇಂಟರ್‌ನೆಟ್ಟಿನಲ್ಲಿ ಇಡುತ್ತಿದ್ದಾರೆ. ಸಂಪಾದಕರ ಅನುಮತಿ ಇದೆಯೇ ಎಂದು ಕೆಲವರು ಕೇಳುತ್ತಾರೆ, ಕೇಳಬೇಕಾದ ಪ್ರಶ್ನೆಯೇ. ಆದರೆ ಅನುಮತಿ ಕೇಳಲು ಹೊರಡುವಷ್ಟರಲ್ಲಿ ಪ್ರತಿಯೇ ರದ್ದಿಗೆ ಹೋಗಿರುತ್ತದೆ. ಇದು ನನ್ನ ಅನುಭವದ ಮಾತು.

ನನ್ನ ಬೀಳ್ಕೊಡುಗೆ ಸಮಾರಂಭಕ್ಕೆ ಆ ಹುಡುಗ ಬಂದಿದ್ದನು. ಈಗ ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತ. ಎರಡು ಮಕ್ಕಳ ತಂದೆ. ಊಟದ ಎಲೆಯ ಮುಂದೆ ಕುಳಿತಾಗ ನಾನೇ ವಿಷಯ ತೆಗೆದೆನು. "ಅದು ಮೂರನೇ ಸಂಚಿಕೆ ಸಾರ್" ಎಂದನು. ಮೊದಲೆರಡು ಎಲ್ಲಿವೆಯೆಂದು ಆಸೆಯಿಂದ ಕೇಳಿದೆನು. "ಅವನ್ನ ಅಮ್ಮ ಹಂಡೆ ಒಲೆಗೆ ಹಾಕಿಬಿಟ್ಟಿದ್ರು ಸಾರ್. ಅದಕ್ಕೇ ಮೂರನೇದನ್ನ ಮನೇಲಿ ಇಡಲಿಲ್ಲ, ಸ್ಕೂಲಿಗೇ ತರ್ತಿದ್ದೆ" ಎಂದು ಹೇಳಿ, ನನ್ನ ಎಲೆಗೆ ಇನ್ನೊಂದು ಹೋಳಿಗೆ ಹಾಕುವಂತೆ ಬಡಿಸುವವರನ್ನು ಕರೆದನು.

ಓದುಗರಲ್ಲಿ ಯಾರ ಮನೆಯ ಅಟ್ಟದಲ್ಲಾದರೂ ಇಂತಹ ನೋಟ್‌ಬುಕ್ಕು, ಕೈಬರಹದ ಪತ್ರಿಕೆ, ನಕಲು ತೆಗೆದು ಹಂಚಿದ ಹಾಳೆಗಳಿದ್ದರೆ, ವಿಡಿಯೋ ಗೇಮಿನದಾದರೂ ಸರಿ, ಕ್ರಿಕೆಟ್ಟಿನದಾದರೂ ಸರಿ, ದಯವಿಟ್ಟು ನನಗೆ ತಿಳಿಸಿ. ಅಂಚೆ ವೆಚ್ಚ ನನ್ನದು. ಸ್ಕ್ಯಾನ್ ಮಾಡಿಸಿಕೊಂಡು ಮೂಲಪ್ರತಿಯನ್ನು ಹಿಂದಿರುಗಿಸುವೆನು. ಪರೀಕ್ಷೆ ಮುಗಿಯುವವರೆಗೆ ಕಾಯಿಸುವುದಿಲ್ಲ.