ಕತ್ತರಿಗೆ ಕೂಲಿ ಇಲ್ಲವೇ?

ನಮ್ಮ ಕಡೆಯ ಊರುಗಳ ವೆಬ್‌ಸೈಟುಗಳನ್ನು ನೋಡಿದ್ದೀರಾ? ಶಾಲೆಯದಿರಲಿ, ಸೊಸೈಟಿಯದಿರಲಿ, ಸೀರೆ ಅಂಗಡಿಯದಿರಲಿ, ಎಲ್ಲಕ್ಕೂ ಒಂದೇ ಮುಖ. ಮೇಲೊಂದು ಉದ್ದನೆಯ ಪೆಟ್ಟಿಗೆ, ಕೆಳಗೆ ಮೂರು ಚೌಕ, ಚೌಕದೊಳಗೆ ಎಲ್ಲಿಂದಲೋ ತಂದ ನಗುಮುಖ. ಹೆಸರೊಂದನ್ನು ಬದಲಿಸಿದರೆ ಕಡಬದ್ದು ಕುಣಿಗಲಿನದಾಗುತ್ತದೆ, ಕುಣಿಗಲಿನದು ಗುಬ್ಬಿಯದಾಗುತ್ತದೆ. ಯಾಕೆ ಹೀಗೆ ಎಂದರೆ, "ಟೆಂಪ್ಲೇಟು ಮೇಡಂ, ಹಾಗೇ ಬರುತ್ತೆ" ಎಂಬ ಉತ್ತರ. ತಾನಾಗಿ ಬರುವುದಕ್ಕೆ ಅದೇನು ಮಳೆಯೇ?

ನನ್ನ ವಾದ ಇಷ್ಟೇ. ಈ ಪುಟಗಳಿಗೆ ಬೇಕಾದ ಆಕಾರದ ಜ್ಞಾನ ನಮ್ಮ ಹೆಂಗಸರ ಕೈಯಲ್ಲಿದೆ. ಹಳೇ ಪೇಪರಿನಲ್ಲಿ ರವಿಕೆಯ ಅಳತೆ ಕತ್ತರಿಸಿದವರು ನಾವು. ಅಡುಗೆಮನೆಯ ಗೂಡಿಗೆ ಹಾಸಿದ ಕಾಗದದ ಅಂಚನ್ನು ಮಡಿಸಿ, ಕತ್ತರಿಸಿ ಹೂಬಳ್ಳಿ ಇಳಿಬಿಟ್ಟವರು ನಾವು. ಗೌರಿ ಗಣೇಶ ಹಬ್ಬಕ್ಕೆ ಬಣ್ಣದ ಕಾಗದದ ತೋರಣ ಕಟ್ಟಿದವರೂ ನಾವೇ. ಪೇಪರು ಒಂದು ದಿಕ್ಕಿಗೆ ನೆಟ್ಟಗೆ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಸೊಟ್ಟಗೆ ಹೋಗುತ್ತದೆ ಎಂಬುದನ್ನು ನಮಗೆ ಯಾವ ಕಾಲೇಜೂ ಕಲಿಸಬೇಕಿಲ್ಲ. ಆದರೆ ನಾವು ಮಾಡಿದರೆ ಅದು ಕಾಲಕ್ಷೇಪ; ಅದನ್ನೇ ಇನ್ನೊಬ್ಬರು ಕಂಪ್ಯೂಟರಿನಲ್ಲಿ ಮಾಡಿದರೆ ಡಿಸೈನು!

ನಾನು ಬಲ್ಲ ಒಂದು ಮಹಿಳಾ ಸಂಘದಲ್ಲಿ ನಡೆದದ್ದನ್ನು ಹೇಳುತ್ತೇನೆ. ಸಂಘದ ಹುಡುಗಿಯೊಬ್ಬಳು ತಮ್ಮ ವೆಬ್‌ಸೈಟಿಗೆಂದು ಮಾವಿನೆಲೆ, ರಾಗಿ ತೆನೆಗಳನ್ನು ಕಾಗದದಲ್ಲಿ ಕತ್ತರಿಸಿ ಕೊಟ್ಟಳು. ಸೈಟು ಮಾಡುವ ಮಹಾಶಯ, "ಎಲ್‌ಕೆಜಿ ಮಕ್ಕಳ ಕ್ರಾಫ್ಟ್ ಥರ ಇದೆ" ಎಂದು ನಕ್ಕು ಪಕ್ಕಕ್ಕಿಟ್ಟ. ತಿಂಗಳಾದ ಮೇಲೆ ಸೈಟು ಬಂತು. ಅದರ ತುಂಬ ಹರಿದ ಕಾಗದದ ಅಂಚುಗಳು! ಎಲ್ಲೋ ದುಡ್ಡು ಕೊಟ್ಟು ಕೊಂಡ ರೆಡಿಮೇಡ್ ಚಿತ್ರವಂತೆ. ಬಿಲ್ಲಿನಲ್ಲಿ ಅದಕ್ಕೊಂದು ಸಾಲು. ನಮ್ಮ ಹುಡುಗಿ ಕತ್ತರಿಸಿದ್ದು ಆಟ, ಯಾರೋ ಹರಿದದ್ದು ಕಲೆ. ಇದಕ್ಕೆ ಏನನ್ನಬೇಕು?

ಮಕ್ಕಳಾಟ ಎನ್ನುವವರಿಗೆ ಎರಡು ಮಾತು. ಫ್ರಾನ್ಸಿನ ಮಾತೀಸ್ 1941ರಲ್ಲಿ ದೊಡ್ಡ ಆಪರೇಷನ್ ಆಗಿ ಹಾಸಿಗೆ ಹಿಡಿದ ಮೇಲೆ, ಬಣ್ಣ ಬಳಿದ ಕಾಗದಗಳನ್ನು ಕತ್ತರಿಸಿಯೇ ಹೊಸ ಚಿತ್ರಲೋಕ ಕಟ್ಟಿದ. ಅವನಿಗಿಂತ ಬಹಳ ಮೊದಲು, 18ನೇ ಶತಮಾನದ ಇಂಗ್ಲೆಂಡಿನಲ್ಲಿ ಮೇರಿ ಡಿಲೇನಿ ಎಂಬ ವಿಧವೆ ತನ್ನ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಕಾಗದದ ಹೂಗಳನ್ನು ಕತ್ತರಿಸಲು ಕೂತು, ಸುಮಾರು ಸಾವಿರ ಹೂಗಳನ್ನು ಅರಳಿಸಿದಳು. ಅವು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ಅಷ್ಟು ದೂರ ಯಾಕೆ? ಬೆಳಕಿನ ಪರದೆಯ ಮೇಲೆ ಕತ್ತರಿಸಿದ ಆಕಾರ ಆಡಿಸುವುದು ನಮ್ಮ ತೊಗಲುಗೊಂಬೆಯವರಿಗೆ ತಲೆತಲಾಂತರದ ವಿದ್ಯೆ. ಕೊಪ್ಪಳದ ಕಡೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದದ್ದು ಇದೇ ಕಲೆಗೆ. ಫೋನಿನ ಪರದೆಯೂ ಬೆಳಕಿನ ಪರದೆಯೇ, ನೆನಪಿರಲಿ.

"ಚಿತ್ರ ಹಾಕಿದರೆ ಪುಟ ಭಾರ, ಹಳ್ಳಿಯಲ್ಲಿ ತೆರೆಯೋದಿಲ್ಲ" ಎಂಬುದು ಇನ್ನೊಂದು ತಕರಾರು. ಇದೂ ಅರ್ಧಸತ್ಯ. ಕಪ್ಪು ಕಾಗದದಲ್ಲಿ ಆಕಾರ ಕತ್ತರಿಸಿ, ಬಿಳಿ ಹಾಳೆಯ ಮೇಲಿಟ್ಟು, ಹಗಲು ಬೆಳಕಿನಲ್ಲಿ ಫೋನಿನಿಂದ ಫೋಟೋ ತೆಗೆಯಿರಿ. ಅದರ ಹೊರಗೆರೆಯನ್ನು ಮಾತ್ರ ಎತ್ತಿಕೊಳ್ಳುವ ಸಾಫ್ಟ್‌ವೇರುಗಳು ಪುಕ್ಕಟೆ ಸಿಗುತ್ತವೆ. ಎಸ್‌ವಿಜಿ ಎಂಬ ಆ ಬಗೆಯ ಚಿತ್ರದಲ್ಲಿ ಇರುವುದು ಗೆರೆಯ ಲೆಕ್ಕ ಮಾತ್ರ. ಸರಳ ಆಕಾರವಾದರೆ ಫೋಟೋಗಿಂತ ಎಷ್ಟೋ ಹಗುರ. ಎಷ್ಟು ಹಿಗ್ಗಿಸಿದರೂ ಅಂಚು ಒಡೆಯುವುದಿಲ್ಲ. ಹರಿದ ಕಾಗದದ ನಾರು ಕಾಣಬೇಕಾದರೆ ಫೋಟೋವೇ ಬೇಕು, ನಿಜ. ಆದರೆ ಇಡೀ ಹಾಳೆ ಯಾಕೆ? ಸೀರೆಗೆ ಅಂಚು ಹಚ್ಚುವಂತೆ ಒಂದು ಸಣ್ಣ ಪಟ್ಟಿ ಸಾಕು.

ಒಂದು ಷರತ್ತನ್ನು ಮಾತ್ರ ನಾನು ಬಿಡುವುದಿಲ್ಲ. ಅಂಚು ಹರಿಯಲಿ, ಅಕ್ಷರ ಹರಿಯಬಾರದು. ಅಂದ ಎಂದು ಬರಹವನ್ನೆಲ್ಲ ಕಾಗದದ ಚಿತ್ರದೊಳಗೆ ಅಂಟಿಸಿಬಿಡುವ ಚಾಳಿ ಬಹಳವಿದೆ. ಆಗ ಕಣ್ಣು ಕಾಣದವರ ಫೋನು ಅದನ್ನು ಸರಿಯಾಗಿ ಓದಿ ಹೇಳಲಾರದು. ಕನ್ನಡಕದ ಅಜ್ಜಿ ಹಿಗ್ಗಿಸಿದರೆ ಅಕ್ಷರ ಮಸುಕಾಗುತ್ತದೆ. 1991ರಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಜಾಗವಿದೆ. ಅಕ್ಷರವನ್ನು ಅಕ್ಷರವಾಗಿಯೇ ಇಡಿ. ಆಕಾರದ ಅಂಚನ್ನು ಬಳಸಿಕೊಂಡು ಸಾಲುಗಳು ಹರಿಯುವಂತೆ ಮಾಡುವ ವಿಧಾನವೂ ಸಿಎಸ್‌ಎಸ್‌ನಲ್ಲಿದೆ.

ಕಡಬದ ಕೆರೆಯನ್ನೇ ನೋಡಿ. ಏರಿಯ ಕಡೆ ಕತ್ತರಿಯಲ್ಲಿ ಕತ್ತರಿಸಿದಂತೆ ನೇರ. ಅಂಗಳದ ಕಡೆ ನೀರಿನ ಅಂಚು ಕೈಯಲ್ಲಿ ಹರಿದ ಕಾಗದ. ಮಳೆ ಬಂದರೆ ಒಂದು ಆಕಾರ, ಬೇಸಿಗೆಗೆ ಇನ್ನೊಂದು. ಆ ಕೆರೆಯ ಮೇಲೆ ಪುಟ ಮಾಡುವವರು ನೀಲಿ ಚೌಕ ಇಟ್ಟರೆ ಅದು ಕಡಬವಲ್ಲ, ಯಾವ ಊರೂ ಅಲ್ಲ. ನೀಲಿ ಕಾಗದವನ್ನು ಎಲ್ಲಿ ಹರಿಯಬೇಕೆಂದು ಆ ನೀರಿನ ದಡದಲ್ಲಿ ಬಟ್ಟೆ ಒಗೆದವಳನ್ನು ಕೇಳಬೇಕು.

ಕೇಳಿದ ಮೇಲೆ ಕೂಲಿಯನ್ನೂ ಕೊಡಬೇಕು. ತಾಯಂದಿರೇ, ನಿಮ್ಮ ಸಂಘಕ್ಕೋ ಶಾಲೆಗೋ ವೆಬ್‌ಸೈಟು ಮಾಡಿಸುವಾಗ ಎರಡನ್ನು ಪಟ್ಟು ಹಿಡಿದು ಕೇಳಿ. ಆಕಾರಗಳನ್ನು ನಮ್ಮ ಹುಡುಗಿಯರೇ ಕತ್ತರಿಸುತ್ತಾರೆ. ಬಿಲ್ಲಿನಲ್ಲಿ "ವಿನ್ಯಾಸ" ಎಂಬ ಸಾಲಿನ ಮುಂದೆ ಅವರ ಹೆಸರೂ ಇರುತ್ತದೆ, ಮೊತ್ತವೂ ಇರುತ್ತದೆ. "ಮನೇಲಿ ಕೂತು ಮಾಡಿದ್ದಕ್ಕೆಲ್ಲ ದುಡ್ಡಾ?" ಎಂದು ಯಾರಾದರೂ ಕೇಳಿದರೆ, ಅವರ ಕಂಪ್ಯೂಟರು ಎಲ್ಲಿ ಕೂತಿದೆ ಎಂದು ಕೇಳಿ.