ಹಕ್ಕು ಬಂತು, ಸಂಘ ಬೇಡವೇ?

1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯಿಸಿದಾಗ ಏಕೀಕರಣಕ್ಕೆ ದುಡಿದವರ ಗುರಿ ಬಹುಮಟ್ಟಿಗೆ ಈಡೇರಿತು. ಈಡೇರದೆ ಉಳಿದವರು ನಾವು. ಜತ್ತ ತಾಲೂಕಿನ ನಮ್ಮ ಉಮದಿ ಮುಂಬಯಿ ರಾಜ್ಯದಲ್ಲೇ ಉಳಿಯಿತು. ನಿಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂಬ 1967ರ ಮಹಾಜನ ವರದಿ ಕಾಗದದಲ್ಲೇ ಇದೆ.

ಆದರೂ ಕೈಗೆ ಏನೂ ಬರಲಿಲ್ಲವೆನ್ನುವಂತಿಲ್ಲ. ಸಂವಿಧಾನದ 350ಎ ವಿಧಿ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಬೇಕೆನ್ನುತ್ತದೆ. ಕೇರಳದ 1969ರ ಕಾಯ್ದೆ ಕನ್ನಡದಲ್ಲೇ ಸರಕಾರಕ್ಕೆ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಅವಕಾಶ ಕೊಟ್ಟಿದೆ. ಎಷ್ಟು ಮಂದಿ ಬರೆದಿದ್ದೇವೆ?

ಹಕ್ಕು ಕಾನೂನಾದೊಡನೆ ನಮ್ಮ ಸಂಘಗಳು ಶಾಲು, ಹಾರ, ರಾಜ್ಯೋತ್ಸವಕ್ಕೆ ಸೀಮಿತವಾದವು. (ಶಾಲು ಹೊದ್ದವರಲ್ಲಿ ನಾವೂ ಇದ್ದೇವೆ, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸಿ ಕನ್ನಡದ ಭಾಷಣಕ್ಕೆ ನಿಂತವರೂ ಇದ್ದಾರೆ.) ಕನ್ನಡ ಶಾಲೆಗೆ ಕನ್ನಡ ಬಾರದ ಮೇಷ್ಟ್ರು ಬಂದು ನಿಂತರೆ ಕಲಿಯುವ ಮಗು ಬಾಯಿ ಬಿಡದೆ ಕೂರುತ್ತದೆ. ಆಗ ವಿಧಿ ತಾನಾಗಿ ಎದ್ದುಬರುವುದಿಲ್ಲ. ಅರ್ಜಿ ಬರೆದು, ಕಚೇರಿಗೆ ನಾಲ್ಕು ಸಲ ಅಲೆಯುವವರು ಬೇಕು. ಸಂಘದ ಉಳಿದ ಕೆಲಸ ಇದೇ, ಮೊದಲಿನದಕ್ಕಿಂತ ಬೇಸರದ್ದು.

ಬರುವ ಜೂನ್‌ನಲ್ಲಿ ಪ್ರತಿ ಸಂಘವೂ ತನ್ನೂರ ಕನ್ನಡ ಶಾಲೆಯ ಖಾಲಿ ಹುದ್ದೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಉಮದಿಯಲ್ಲಿ ನಾವು ಪುಸ್ತಕ ಕೊಂಡಿದ್ದೇವೆ.