ಕಲ್ಲನ್ನು ಎತ್ತಿಡಿ ಎನ್ನುವವರಿಗೆ

ಬೆಂಗಳೂರಿನಲ್ಲಿ ಚರಂಡಿ ಅಗೆಯುವಾಗಲೋ, ರಸ್ತೆ ಅಗಲ ಮಾಡುವಾಗಲೋ, ಕೆರೆಯೇರಿ ಸಮ ಮಾಡುವಾಗಲೋ ಅಕ್ಷರ ಕೆತ್ತಿದ ಕಲ್ಲೊಂದು ಹೊರಬಿದ್ದರೆ ಸಾಕು, ಅದೇ ಮಾತು ಕೇಳಿಬರುತ್ತದೆ: ‘ಒಂದು ಕಲ್ಲಿಗೋಸ್ಕರ ಕಾಮಗಾರಿ ನಿಲ್ಲಿಸೋಕಾಗುತ್ತಾ? ಎತ್ತಿ ಮ್ಯೂಸಿಯಂನಲ್ಲಿ ಇಡ್ಲಿ, ಮುಗೀತು.’ ಅಧಿಕಾರಿಗಳು ಹೇಳುತ್ತಾರೆ, ಗುತ್ತಿಗೆದಾರರು ಹೇಳುತ್ತಾರೆ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಬೇಸತ್ತ ಜನರೂ ಹೇಳುತ್ತಾರೆ. ಕಲ್ಲೂ ಉಳಿಯಿತು, ರಸ್ತೆಯೂ ಆಯಿತು ಎಂಬ ಸಮಾಧಾನ ಈ ಮಾತಿನಲ್ಲಿದೆ. ಆ ಸಮಾಧಾನ ಸುಳ್ಳು. ಈ ಊರಿನ ಚರಿತ್ರೆಯನ್ನು ಕೆಡವಿದವರಲ್ಲಿ ಕಲ್ಲು ಒಡೆದವರಿಗಿಂತ ಕಲ್ಲು ಎತ್ತಿಟ್ಟವರ ಪಾಲೇನೂ ಕಡಿಮೆಯಿಲ್ಲ.

ಕೇಂದ್ರ ಸಂಸ್ಕೃತಿ ಸಚಿವಾಲಯವೇ 2022ರಲ್ಲಿ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡ ಲೆಕ್ಕವೊಂದಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದ್ದ 3,693 ಸ್ಮಾರಕಗಳ ಪೈಕಿ 50 ಕಾಣೆಯಾಗಿವೆ. ಅವುಗಳಲ್ಲಿ 12 ಜಲಾಶಯಗಳಲ್ಲಿ ಮುಳುಗಿವೆ, 24 ಎಲ್ಲಿವೆಯೋ ಪತ್ತೆಯಿಲ್ಲ. ಉಳಿದ 14 ನಗರೀಕರಣಕ್ಕೆ ಬಲಿಯಾಗಿವೆ. ಇವು ಯಾರೂ ಕಂಡಿಲ್ಲದ ಕಾಡುಕಲ್ಲುಗಳಲ್ಲ. ರಾಷ್ಟ್ರೀಯ ಮಹತ್ವದ್ದೆಂದು ಸರ್ಕಾರವೇ ಘೋಷಿಸಿದ, ಕಾನೂನಿನ ಬಲವಿದ್ದ ಜಾಗಗಳು. 3,693ರಲ್ಲಿ ಕಾವಲುಗಾರರು ಇದ್ದದ್ದು 248 ಕಡೆ ಮಾತ್ರ ಎಂಬುದೂ ಅದೇ ಸಮಿತಿಯ ಮುಂದೆ ಬಂದ ಸಂಗತಿ. ಕಳೆದುಹೋದದ್ದನ್ನು ಹುಡುಕುವ ಬದಲು ಇಲಾಖೆ 2024ರ ಮಾರ್ಚಿನಲ್ಲಿ 18 ಸ್ಮಾರಕಗಳನ್ನು ಪಟ್ಟಿಯಿಂದಲೇ ಕೈಬಿಡಲು ಹೊರಟಿತು. ರಾಷ್ಟ್ರೀಯ ಮಹತ್ವ ಇನ್ನು ಉಳಿದಿಲ್ಲವೆಂಬುದು ಅದಕ್ಕೆ ಕೊಟ್ಟ ಕಾರಣ!

ರಕ್ಷಿತ ಸ್ಮಾರಕಗಳಲ್ಲೇ ಹದಿನಾಲ್ಕನ್ನು ನಗರಗಳು ನುಂಗಿದ್ದರೆ, ಯಾವ ಪಟ್ಟಿಯಲ್ಲೂ ಇಲ್ಲದ ವೀರಗಲ್ಲುಗಳು, ದಾನಶಾಸನಗಳು, ಬೃಹತ್ ಶಿಲಾಯುಗದ ಗೋರಿಗಳು ಎಷ್ಟು ಹೋಗಿರಬೇಕು? ಶಾಸನತಜ್ಞ ಬಿ.ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲೇ ಅಚ್ಚು ಹಾಕಿಸಿದರು. ಆ ಪುಸ್ತಕ ಕೈಯಲ್ಲಿ ಹಿಡಿದು ಇವತ್ತು ಊರು ಸುತ್ತಿದರೆ ಎಷ್ಟೋ ಕಡೆ ಸಿಗುವುದು ಅಪಾರ್ಟ್‌ಮೆಂಟು, ಇಲ್ಲವೇ ಪಾರ್ಕಿಂಗ್ ಜಾಗ. ಶಾಸನದ ಪಾಠ ಪುಸ್ತಕದಲ್ಲಿದೆ. ಕಲ್ಲಿಲ್ಲ, ಕಲ್ಲು ನಿಂತಿದ್ದ ನೆಲವೂ ಇಲ್ಲ.

ಹೆಬ್ಬಾಳದ ಕಿತ್ತಯ್ಯನ ಶಾಸನವನ್ನೇ ನೋಡಿ. ಕ್ರಿ.ಶ. 750ರ ಸುಮಾರಿನದು, ಗಂಗರ ಶ್ರೀಪುರುಷನ ಕಾಲದ್ದು. ಪೆರ್ಬೊಳಲ್ ನಾಡಿನ ಮೇಲೆ ರಟ್ಟವಾಡಿಯವರು ಏರಿಬಂದಾಗ ಹೋರಾಡಿ ಸತ್ತ ಕಿತ್ತಯ್ಯನ ನೆನಪಿಗೆ ನಿಲ್ಲಿಸಿದ ಕಲ್ಲು. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಅತ್ಯಂತ ಹಳೆಯ ಕನ್ನಡ ಶಾಸನ ಇದೇ. ನಾಡಪ್ರಭು ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆ ಕಟ್ಟುವುದಕ್ಕೆ ಸುಮಾರು ಎಂಟು ಶತಮಾನ ಮೊದಲೇ ಇಲ್ಲಿ ನಾಡಿತ್ತು, ಹೊಳಲಿತ್ತು, ಕನ್ನಡ ಕೆತ್ತಬಲ್ಲವರಿದ್ದರು, ಅದನ್ನು ಓದಬಲ್ಲವರಿದ್ದರು ಎಂಬುದಕ್ಕೆ ಸಾಕ್ಷಿ. 2018ರಲ್ಲಿ ಚರಂಡಿ ಕೆಲಸಕ್ಕೆ ಅಗೆಯುವಾಗ ಅದು ಹೊರಬಂತು. ಜೆಸಿಬಿಯ ಹಲ್ಲು ಒಂದಡಿ ಆಚೀಚೆ ಬಿದ್ದಿದ್ದರೆ ಕಿತ್ತಯ್ಯ ಜಲ್ಲಿಯಾಗಿ ಹೋಗುತ್ತಿದ್ದ. ಅದನ್ನು ಗುರುತಿಸಿದವರು, ಓದಿಸಿದವರು, ಹೆಬ್ಬಾಳದಲ್ಲೇ ಉಳಿಯಬೇಕೆಂದು ಪಟ್ಟು ಹಿಡಿದವರು, ಚಂದಾ ಎತ್ತಿ ಮಂಟಪ ಕಟ್ಟಿಸಿದವರು ಊರಿನ ಜನ ಮತ್ತು ಶಾಸನದ ಹುಚ್ಚು ಹಚ್ಚಿಕೊಂಡ ಸ್ವಯಂಸೇವಕರು. ಸರ್ಕಾರ ಮಾಡಬೇಕಾದ ಕೆಲಸವನ್ನು ಜನ ಸ್ವಂತ ದುಡ್ಡಿನಲ್ಲಿ ಮಾಡಿದರು.

ಕಲ್ಲು ಅಲ್ಲೇ ಯಾಕೆ ಇರಬೇಕು? ಉತ್ತರ ಶಾಸನದೊಳಗೇ ಇದೆ. ನಮ್ಮ ಶಾಸನಗಳಲ್ಲಿ ಬಹುಪಾಲು ಭೂಮಿಯ ದಾಖಲೆಗಳು. ಯಾವ ಕೆರೆಯ ಕೆಳಗಿನ ಗದ್ದೆ, ಮೂಡಲಿಗೆ ಯಾವ ಹಳ್ಳ, ತೆಂಕಲಿಗೆ ಯಾವ ಬಂಡೆ, ಯಾರ ನೆತ್ತರಿಗೆ ಯಾವ ಹೊಲ ಕೊಡಗೆಯಾಗಿ ಹೋಯಿತು, ತೂಬು ಇಟ್ಟವರು ಯಾರು ಎಂದು ನಾಲ್ಕು ಗಡಿ ಹೇಳಿ ನಿಲ್ಲುವ ಕಲ್ಲುಗಳವು. ಹೊಲದ ಬಾಂದುಗಲ್ಲನ್ನು ಕಿತ್ತು ತಹಶೀಲ್ದಾರರ ಕಚೇರಿಯ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಬಿಟ್ಟರೆ ಹೊಲದ ಗಡಿ ಯಾರಿಗೆ ಗೊತ್ತಾಗುತ್ತದೆ? ಶಾಸನವನ್ನು ಮ್ಯೂಸಿಯಂಗೆ ಸಾಗಿಸುವುದು ಅಂಥದೇ ಕೆಲಸ. ಅಕ್ಷರ ಉಳಿಯುತ್ತದೆ, ಅಕ್ಷರ ಹೇಳುತ್ತಿದ್ದ ಜಾಗ ಕಳೆದುಹೋಗುತ್ತದೆ.

ಆಗರದ ಶಾಸನ ಕ್ರಿ.ಶ. 870ರ ಸುಮಾರಿನದು. ಕೆರೆ ಕಟ್ಟಿಸಿದ್ದನ್ನೂ ಕೆರೆಗಳಿಗೆ ತೂಬು ಇಡಿಸಿದ್ದನ್ನೂ ಅದು ದಾಖಲಿಸುತ್ತದೆ. ಇವತ್ತಿನ ಇಬ್ಬಲೂರಿನ ಹೆಸರೂ ಹಳೆಯ ರೂಪದಲ್ಲಿ ಅಲ್ಲಿದೆ. ಅದೇ ಆಗರ, ಇಬ್ಬಲೂರು, ಬೆಳ್ಳಂದೂರಿನ ಸುತ್ತ 2022ರ ಸೆಪ್ಟೆಂಬರಿನಲ್ಲಿ ಏನಾಯಿತೆಂದು ದೇಶವೇ ನೋಡಿತು. ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರ್ ಹತ್ತಿ ಹೊರಬಂದರು, ಹೊರವರ್ತುಲ ರಸ್ತೆ ಹೊಳೆಯಾಯಿತು. ಸಾವಿರದ ನೂರೈವತ್ತು ವರ್ಷದ ಹಿಂದಿನವರಿಗೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂಬುದು ಗೊತ್ತಿತ್ತು. ಗೊತ್ತಿದ್ದುದನ್ನು ಕಲ್ಲಿನಲ್ಲಿ ಬರೆದು, ಕೆರೆ ಇದ್ದಲ್ಲೇ ನಿಲ್ಲಿಸಿದ್ದರು. ನಾವು ರಾಜಕಾಲುವೆ ಮುಚ್ಚಿ ಟೆಕ್ ಪಾರ್ಕ್ ಕಟ್ಟಿದೆವು. ಆಮೇಲೆ ಹಳೆಯ ಕಲ್ಲಿನಿಂದ ಏನು ಪ್ರಯೋಜನ ಎಂದು ಕೇಳುತ್ತೇವೆ.

ಬೇಗೂರಿಗೆ ಬನ್ನಿ. ಅಲ್ಲಿನ ನಾಗೇಶ್ವರ ದೇಗುಲದಲ್ಲಿ ಸಿಕ್ಕಿದ, ಸುಮಾರು ಕ್ರಿ.ಶ. 890ರ ಶಾಸನದಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪವಿದೆ. ಹೊಯ್ಸಳ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ಈ ಹೆಸರು ಬಂತು ಎಂದು ತಲೆತಲಾಂತರದಿಂದ ಹೇಳಿಕೊಂಡು ಬಂದ ಕಥೆಯನ್ನು, ಊರಿನ ಹೆಸರನ್ನೇ ಮೂರು ಶತಮಾನ ಹಿಂದಕ್ಕೆ ಒಯ್ದು, ತಪ್ಪೆಂದು ತೋರಿಸಿದ್ದು ಈ ಒಂದು ಕಲ್ಲು. ಬೇಗೂರಿನದೇ ಇನ್ನೊಂದು ವೀರಗಲ್ಲು, ಗಂಗರಿಗೂ ನೊಳಂಬರಿಗೂ ನಡೆದ ಯುದ್ಧವನ್ನು ಆನೆ ಕುದುರೆಗಳ ಸಮೇತ ಕಡೆದದ್ದು, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕರ್ನಾಟಕದ ಶ್ರೇಷ್ಠ ವೀರಗಲ್ಲುಗಳಲ್ಲಿ ಅದೊಂದು. ಅಲ್ಲಿ ಅದು ಸುರಕ್ಷಿತವಾಗಿದೆ, ನಿಜ. ಆದರೆ ಬೇಗೂರಿನ ಶಾಲೆಯ ಎಷ್ಟು ಮಕ್ಕಳು ಅದನ್ನು ನೋಡಿದ್ದಾರೆ? ತಮ್ಮ ಮನೆಯ ಹಿಂದಿನ ಕೆರೆಯ ಬಯಲಿನಲ್ಲಿ ಗಂಗರ ಕಾಲದ ದಂಡು ನಡೆದಾಡಿತ್ತು ಎಂದು ಅವರಿಗೆ ಯಾರು ಹೇಳುತ್ತಾರೆ? ಊರಿನ ಹೆಮ್ಮೆಯನ್ನು ಊರಿನಿಂದ ಹೊತ್ತೊಯ್ದ ಮೇಲೆ ಊರಿನವರು ಉಳಿದದ್ದನ್ನು ಕಾಯಬೇಕು ಎಂದರೆ ಯಾಕೆ ಕಾಯುತ್ತಾರೆ? ಅಂದು ಸಾಗಿಸಿದವರಿಗಾದರೂ ಶಾಸನ ಓದುವ ವಿದ್ಯೆ ಇತ್ತು, ಕಲ್ಲಿನ ಮೇಲೆ ಗೌರವ ಇತ್ತು. ಇಂದು ಸ್ಥಳಾಂತರ ಎಂದರೆ ಜೆಸಿಬಿಯ ಬಕೆಟ್ಟಿನಲ್ಲಿ ಎತ್ತಿ, ಟ್ರ್ಯಾಕ್ಟರಿಗೆ ಹಾಕಿ, ಹತ್ತಿರದ ದೇವಸ್ಥಾನದ ಹಿತ್ತಲಲ್ಲಿ ಇಳಿಸಿ ಮರೆಯುವುದು. ಮರುವರ್ಷ ಅದಕ್ಕೆ ಆಯಿಲ್ ಪೇಂಟ್ ಬಳಿದಿರುತ್ತಾರೆ. ಅದರ ಮುಂದಿನ ವರ್ಷ ಬಚ್ಚಲ ಚಪ್ಪಡಿಯಾಗಿರುತ್ತದೆ.

‘ಅಗೆದದ್ದರಿಂದಲೇ ಅಲ್ಲವೇ ಇವೆಲ್ಲ ಸಿಕ್ಕಿದ್ದು’ ಎಂದು ಇನ್ನು ಕೆಲವರು ಕೇಳುತ್ತಾರೆ. ಯಶವಂತಪುರದಲ್ಲಿ 1891ರಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿದ್ದು, ಎಚ್‌ಎಎಲ್ ಬಳಿ 1965ರಲ್ಲಿ ಅಂಥದೇ ನಾಣ್ಯಗಳ ನಿಧಿ ಸಿಕ್ಕಿದ್ದು ನೆಲ ಅಗೆದಾಗಲೇ. ಅಗಸ್ಟಸ್, ಟೈಬೀರಿಯಸ್ ಕಾಲದ ನಾಣ್ಯಗಳು ಈ ನೆಲದಲ್ಲಿದ್ದವು ಎಂದರೆ ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ವ್ಯಾಪಾರದ ದಾರಿ ಇತ್ತು ಎಂದಾಯಿತು. ಆದರೆ ಗುದ್ದಲಿ ಹಿಡಿದ ಮನುಷ್ಯನ ಕಣ್ಣಿಗೆ ನಾಣ್ಯ ಬೀಳುತ್ತದೆ, ಅವನು ನಿಂತು ಬಗ್ಗಿ ನೋಡುತ್ತಾನೆ. ಇಂದಿನ ಹಿಟಾಚಿ ಒಂದು ಬಾರಿಗೆ ಒಂದು ಕೋಣೆಯಷ್ಟು ಮಣ್ಣು ಬಾಚಿ ಟಿಪ್ಪರಿಗೆ ಸುರಿಯುತ್ತದೆ. ಆ ಮಣ್ಣಿನಲ್ಲಿದ್ದ ಕಪ್ಪು-ಕೆಂಪು ಮಡಕೆಯ ಚೂರು, ಕಬ್ಬಿಣದ ಕಿಟ್ಟ, ಬೂದಿಯ ಪದರ, ಗೋರಿಯ ಎಲುಬು ಎಲ್ಲವೂ ಯಾವುದೋ ತಗ್ಗು ತುಂಬಿಸಲು ಹೋಗುತ್ತವೆ. ಪುರಾತತ್ವದಲ್ಲಿ ವಸ್ತುವಿಗಿಂತ ಅದು ಯಾವ ಪದರದಲ್ಲಿ, ಯಾವುದರ ಪಕ್ಕದಲ್ಲಿತ್ತು ಎಂಬುದು ಮುಖ್ಯ. ಪದರ ಕಲಕಿದ ಮೇಲೆ ಯಾವ ವಿಜ್ಞಾನಿಯೂ ಅದನ್ನು ಮತ್ತೆ ಜೋಡಿಸಲಾರ.

ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ಹುಡುಕಿ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಬರಿಗಣ್ಣಿಗೆ ಕಾಣದ ಅಕ್ಷರಗಳು ಅದರಲ್ಲಿ ಸ್ಪಷ್ಟವಾಗುತ್ತವೆ, ಹಳೆಯ ಓದುಗಳ ತಪ್ಪು ತಿದ್ದುತ್ತವೆ. ಇಂಥ ಕೆಲಸಕ್ಕೆ ನಾಡು ಋಣಿಯಾಗಿರಬೇಕು. ಆದರೆ ನನಗೊಂದು ಭಯ ಇದೆ: ‘ಸ್ಕ್ಯಾನ್ ಆಗಿದೆಯಲ್ಲ, ಇನ್ನು ಕಲ್ಲು ಹೋದರೆ ಏನು’ ಎಂದು ನಾಳೆ ಒಬ್ಬ ಎಂಜಿನಿಯರ್ ಕಡತದಲ್ಲಿ ಬರೆದಾನು. ಪ್ರತಿಯನ್ನು ಮಾಡುವುದು ಮೂಲವನ್ನು ಉಳಿಸುವುದಕ್ಕೆ. ಮೂಲವನ್ನು ಒಡೆಯಲು ಅದು ಪರವಾನಗಿಯಲ್ಲ.

ಕನ್ನಡದ ಹೆಸರಿನಲ್ಲಿ ಬೀದಿಗಿಳಿಯುವವರಿಗೂ ಇಲ್ಲಿ ಒಂದು ಮಾತು ಹೇಳಲೇಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಹೋರಾಡಿದಿರಿ, 2024ರಲ್ಲಿ ಕಾನೂನೇ ಬಂತು. ಒಳ್ಳೆಯದಾಯಿತು, ಅದು ಬೇಕಿತ್ತು. ಕನ್ನಡಕ್ಕೆ 2008ರಲ್ಲಿ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಾಗ ಎಲ್ಲರೂ ಸಂಭ್ರಮಿಸಿದೆವು. ಆ ಸ್ಥಾನಕ್ಕೆ ಆಧಾರವಾಗಿ ನಾವು ಜಗತ್ತಿಗೆ ತೋರಿಸಿದ್ದೇ ಶಾಸನಗಳನ್ನು. ಆದರೆ ಸಾವಿರದ ಇನ್ನೂರು ವರ್ಷದ ಕನ್ನಡದ ಫಲಕವೊಂದು ಮೋರಿಯ ಪಕ್ಕ ಬೋರಲು ಬಿದ್ದಿರುವಾಗ ಯಾವ ಬಾವುಟವೂ ಅಲ್ಲಿಗೆ ಬರುವುದಿಲ್ಲ. ವಿಮಾನ ನಿಲ್ದಾಣದಲ್ಲಿ 108 ಅಡಿ ಎತ್ತರದ ಕೆಂಪೇಗೌಡರ ಪ್ರತಿಮೆ 2022ರ ನವೆಂಬರಿನಲ್ಲಿ ಎದ್ದು ನಿಂತಿತು. ಅದೇ ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಚಿಕ್ಕಜಾಲದ ಬೃಹತ್ ಶಿಲಾಯುಗದ ಗೋರಿಗಳ ಬಗ್ಗೆ ಒಬ್ಬ ಜನಪ್ರತಿನಿಧಿಯೂ ದನಿಯೆತ್ತಿದ್ದು ನನಗೆ ಕಂಡಿಲ್ಲ. ಹಳ್ಳಿಯ ಹೆಸರನ್ನು ಅಳಿಸಿ ಪರದೇಶದ ಹೆಸರಿಟ್ಟುಕೊಂಡ ಬಡಾವಣೆಗಳು ಎಲ್ಲ ಕಡೆ ಎದ್ದಿವೆ, ಆ ಹಳ್ಳಿಯ ನಿಜವಾದ ಹೆಸರು ಉಳಿದಿರುವುದು ಮೂಲೆಯಲ್ಲಿ ಬಿದ್ದ ಶಾಸನದಲ್ಲಿ ಮಾತ್ರ. ಕನ್ನಡದ ಅಭಿಮಾನ ನವೆಂಬರಿನ ಮೆರವಣಿಗೆಯಲ್ಲೇ ಮುಗಿದುಹೋದರೆ ಈ ಕಲ್ಲುಗಳನ್ನು ಕೇಳುವವರು ಯಾರು?

ಕಾನೂನು ಇದೆಯಲ್ಲ ಎನ್ನಬೇಡಿ. ಕೇಂದ್ರದ ಕಾನೂನಿಗೆ 2010ರಲ್ಲಿ ತಂದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಆಚೆಗಿನ 200 ಮೀಟರ್‌ನಲ್ಲಿ ಅನುಮತಿ ಬೇಕು. ಈ ನಿಯಮ ಬಂದ ದಿನದಿಂದ ಅದನ್ನು ಸಡಿಲಿಸುವ ಪ್ರಯತ್ನ ನಿಂತಿಲ್ಲ. ಸ್ಮಾರಕದ ಪಕ್ಕದ ಬಡವ ಶೌಚಾಲಯವನ್ನೂ ಕಟ್ಟಿಕೊಳ್ಳಲಾರ ಎಂದು ಕಣ್ಣೀರು ಹಾಕುತ್ತಾರೆ. ಆದರೆ 2018ರ ಜನವರಿಯಲ್ಲಿ ಲೋಕಸಭೆ ಅಂಗೀಕರಿಸಿದ ಮಸೂದೆ ಬಾಗಿಲು ತೆರೆದದ್ದು ಬಡವನ ಶೌಚಾಲಯಕ್ಕಲ್ಲ, ನಿಷಿದ್ಧ ವಲಯದೊಳಗೆ ಕೇಂದ್ರ ಸರ್ಕಾರದ ಸಾರ್ವಜನಿಕ ಕಾಮಗಾರಿಗಳಿಗೆ. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿದ್ದರಿಂದ ಅಷ್ಟಕ್ಕೆ ನಿಂತಿತು. ನಮ್ಮ ರಾಜ್ಯದ ಕಾನೂನು 1961ರದ್ದು. ಅದರ ರಕ್ಷಣೆಯೂ ಅಧಿಸೂಚನೆ ಹೊರಡಿಸಿದ ಸ್ಮಾರಕಕ್ಕೆ ಮಾತ್ರ. ಕೆರೆಯೇರಿಯ ವೀರಗಲ್ಲಿಗೆ ಅಧಿಸೂಚನೆ ಯಾರು ಹೊರಡಿಸಿದ್ದಾರೆ?

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 16 ಕಿಲೊಮೀಟರಿಗೂ ಉದ್ದದ ಸುರಂಗ ರಸ್ತೆ ಮಾಡಲು ಹೊರಟಿದ್ದಾರೆ, ಅಂದಾಜು 17 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಒಂದು ತುದಿಯಲ್ಲಿ ಕಿತ್ತಯ್ಯನ ಹೆಬ್ಬಾಳ, ಇನ್ನೊಂದು ತುದಿಯ ಸಮೀಪ ಆಗರ. ಅದರ ಜೊತೆಗೆ 73 ಕಿಲೊಮೀಟರ್ ಹೊಸ ವರ್ತುಲ ರಸ್ತೆ, ಬಿಡದಿಯ ಕಡೆ ಸಾವಿರಾರು ಎಕರೆಯ ಟೌನ್‌ಶಿಪ್. ಬಿಡದಿಗೆ ಹತ್ತಿರದ ಹೆಜ್ಜಾಲವೂ ಬೃಹತ್ ಶಿಲಾಯುಗದ ನೆಲೆಯೇ. ಮಣ್ಣು ಪರೀಕ್ಷೆ, ಮರಗಳ ಎಣಿಕೆ, ವಾಹನಗಳ ಎಣಿಕೆ ಎಲ್ಲಕ್ಕೂ ವಿಸ್ತೃತ ಯೋಜನಾ ವರದಿಯಲ್ಲಿ (ಡಿಪಿಆರ್) ಜಾಗವಿದೆ. ಪುರಾತತ್ವದ ಸಮೀಕ್ಷೆಗೆ ಎಷ್ಟು ಪುಟ ಕೊಟ್ಟಿದ್ದೀರಿ? ಫ್ರಾನ್ಸಿನಲ್ಲಿ 2001ರಿಂದ ಇದಕ್ಕೆ ಕಾನೂನೇ ಇದೆ: ನೆಲ ಅಗೆಯುವ ಮೊದಲು ಪುರಾತತ್ವಜ್ಞರು ನೋಡಬೇಕು, ಖರ್ಚು ಕಟ್ಟುವವರದ್ದು. ಗ್ರೀಸಿನ ಥೆಸಲೋನಿಕಿಯಲ್ಲಿ ಮೆಟ್ರೊ ಅಗೆತದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ವಸ್ತುಗಳು ಸಿಕ್ಕವು, ಜಗಳವಾಯಿತು, ವರ್ಷಗಟ್ಟಲೆ ತಡವಾಯಿತು. ಕೊನೆಗೆ 2024ರಲ್ಲಿ ಮೆಟ್ರೊ ಓಡಿತು, ಹಳೆಯ ಬೀದಿಯ ಅವಶೇಷವೂ ನಿಲ್ದಾಣದಲ್ಲೇ ಇದೆ. ಊರು ಮುಳುಗಲಿಲ್ಲ.

ಕೇಳುತ್ತಿರುವುದು ಇಷ್ಟೇ. ಬೆಂಗಳೂರಿನ ಸುತ್ತ ಯಾವುದೇ ದೊಡ್ಡ ಕಾಮಗಾರಿಗೆ ಟೆಂಡರ್ ಕರೆಯುವ ಮೊದಲು ರಾಜ್ಯ ಪುರಾತತ್ವ ಇಲಾಖೆಯ ತಜ್ಞರು ಆ ದಾರಿಯ ಪ್ರತಿ ಹಳ್ಳಿ, ಕೆರೆಯೇರಿ, ಗುಂಡುತೋಪು, ಗೋಮಾಳವನ್ನು ಕಾಲ್ನಡಿಗೆಯಲ್ಲಿ ನೋಡಬೇಕು. ಕಂಡದ್ದನ್ನೆಲ್ಲ ನಕ್ಷೆಯಲ್ಲಿ ಗುರುತಿಸಿ ಆ ವರದಿಯನ್ನು ಕನ್ನಡದಲ್ಲಿ ಜನರ ಮುಂದಿಡಬೇಕು. ಖರ್ಚನ್ನು ಯೋಜನೆಯ ಹಣದಿಂದಲೇ ಕೊಡಬೇಕು. ಶಾಸನವಿರುವ ಜಾಗದಲ್ಲಿ ರಸ್ತೆಯ ದಾರಿ ಬದಲಾಗಬೇಕೇ ಹೊರತು ಕಲ್ಲಿನ ಜಾಗ ಬದಲಾಗಬಾರದು. ನಿಮ್ಮ ಬೀದಿಯಲ್ಲಿ, ನಿಮ್ಮ ಸೈಟಿನ ಪಕ್ಕದಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಪೂಜೆಯ ಎಣ್ಣೆ ಸುರಿಯಬೇಡಿ, ಬಣ್ಣ ಬಳಿಯಬೇಡಿ, ಎತ್ತಲು ಯಾರಿಗೂ ಬಿಡಬೇಡಿ. ಫೋಟೊ ತೆಗೆದು ಪುರಾತತ್ವ ಇಲಾಖೆಗೆ ಬರವಣಿಗೆಯಲ್ಲಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ಇಲಾಖೆಯವರು ಬಂದು ನೋಡುವವರೆಗೆ ಜೆಸಿಬಿಯ ಮುಂದೆ ನಿಲ್ಲಿ.